ಅಜ್ಜನ ಕಾಲದ ತೋಟದ ಟ್ರಕ್: ಎಷ್ಟು ದುಡ್ಡು ಸುರಿಯಬಹುದು, ಎಲ್ಲಿ ಕೈ ಬಿಗಿ ಹಿಡಿಯಬೇಕು?

ಹೊಲದಗಾಡಿ:
ಮನೆಯ ಹಳೇ ಪಿಕಪ್ ಟ್ರಕ್. ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್, ಕಾರ್ಬುರೇಟರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹತ್ತು ವರ್ಷಕ್ಕೂ ಹೆಚ್ಚು ಕಾಲ ಶೆಡ್ಡಿನಲ್ಲೇ ನಿಂತಿದೆ. ಇಂಜಿನ್ ಜಾಮ್ ಆಗಿದೆಯೋ ಇಲ್ಲವೋ ಇನ್ನೂ ನೋಡಿಲ್ಲ. ಬಣ್ಣ ಮಾಸಿದೆ, ಕ್ಯಾಬಿನ್ ನೆಲದಲ್ಲಿ ಎರಡು ಕಡೆ ತುಕ್ಕು ತಿಂದು ತೂತಾಗಿದೆ. ಮಾರುವ ಯೋಚನೆ ಇಲ್ಲ, ತೋಟದ ಹಗುರ ಕೆಲಸಕ್ಕೆ ಬಳಸಬೇಕು. ಆದರೂ ಹಾಕಿದ ದುಡ್ಡಿಗೆ ಅರ್ಥವಿರಬೇಕು. ಪೂರ್ತಿ ಬಿಚ್ಚಿ ಹೊಸದರಂತೆ ಮಾಡಿಸುವುದೋ, ಓಡುವಷ್ಟು ಮಾಡಿಸಿ ಬಿಡುವುದೋ?

ಚಾಸಿ_ಮೊದಲು:
ಪೂರ್ತಿ ರಿಸ್ಟೋರೇಷನ್ನಿಗೆ ಹಾಕಿದ ದುಡ್ಡು ಮಾರುಕಟ್ಟೆಯಲ್ಲಿ ವಾಪಸ್ ಬರುವುದು ತೀರಾ ಅಪರೂಪ. ಅದೇ ಮಾಡೆಲ್‌ನ, ಬೇರೆಯವರು ಆಗಲೇ ಕೆಲಸ ಮುಗಿಸಿದ ಗಾಡಿಯನ್ನು ಕೊಂಡರೆ ಸಾಮಾನ್ಯವಾಗಿ ಅಗ್ಗ. ಹಾಗಾಗಿ ಮಾಡಿಸುವುದಾದರೆ ಇದೇ ಗಾಡಿ ಬೇಕು ಅನ್ನುವ ಕಾರಣಕ್ಕೇ ಮಾಡಿಸಬೇಕು, ಅದು ಸಾಕಷ್ಟು ಒಳ್ಳೆಯ ಕಾರಣವೇ.

ಖರ್ಚು ಎಲ್ಲಿ ಹೋಗುತ್ತದೆ ಎಂಬುದು ಗೊತ್ತಿರಲಿ. ಇಂಜಿನ್ ದೊಡ್ಡ ಖರ್ಚು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಜೇಬು ಖಾಲಿ ಮಾಡುವುದು ತಗಡಿನ ಕೆಲಸ, ಪೇಂಟು, ಕ್ರೋಮ್. ಎಲ್ಲ ಬಿಚ್ಚಿ ಚಾಸಿಯಿಂದ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನಿಂದ, ಮಾಡುವ ಕೆಲಸ ಸಾವಿರ ಗಂಟೆ ದಾಟುವುದು ಮಾಮೂಲು, ಅದರಲ್ಲಿ ಬಹುಪಾಲು ಗಾಡಿಯ ಬಾಡಿ ಕೆಲಸಕ್ಕೇ ಹೋಗುತ್ತದೆ. ಯಾವ ಅಂದಾಜು ಬಂದರೂ ಅದರ ಮೇಲೆ ಕಾಲು ಭಾಗ ಎತ್ತಿಡಿ. ಪುಟ್ಟಿಯ ಅಡಿಯಲ್ಲಿ ಏನಿದೆ ಎಂದು ಕೆರೆಯುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಪಾರ್ಟ್ ಕೊಳ್ಳುವ ಮುಂಚೆ ಎರಡು ಕೆಲಸ. ಕಾಗದದಲ್ಲಿರುವ ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ. ಆಮೇಲೆ ಸುತ್ತಿಗೆ, ಹಳೇ ಸ್ಕ್ರೂಡ್ರೈವರ್ ಹಿಡಿದು ಗಾಡಿ ಅಡಿಗೆ ಹೋಗಿ. ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಹ್ಯಾಂಗರ್, ಕ್ಯಾಬಿನ್ ಕೂರುವ ಮೌಂಟು, ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಸೇರುವ ಜಾಗ, ಎರಡು ಪದರದ ಉಕ್ಕು ಒಂದರ ಮೇಲೊಂದು ಕೂತಿರುವ ಕಡೆ ತಟ್ಟಿ ನೋಡಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ, ಕೊಳೆತದ್ದು ದಡ್ ಅನ್ನುತ್ತದೆ. ಸ್ಕ್ರೂಡ್ರೈವರ್ ಒಳಗೆ ಇಳಿದರೆ ಅಲ್ಲಿಗೇ ನಿಲ್ಲಿಸಿ, ಉಳಿದ ಲೆಕ್ಕವೆಲ್ಲ ಬದಲಾಗುತ್ತದೆ.

ಗ್ರೀಸ್ಕೈ:
ಚಾಸಿ ಗಟ್ಟಿಯಿದ್ದರೆ ಮುಂದಿನದು ಇಂಜಿನ್. ದಯವಿಟ್ಟು ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ತುಕ್ಕು ಹಿಡಿದ ಸಿಲಿಂಡರಿನಲ್ಲಿ ರಿಂಗ್ ಮುರಿಯುತ್ತದೆ, ಅಂಟಿಕೊಂಡ ವಾಲ್ವಿನಿಂದ ಪುಶ್‌ರಾಡ್ ಬಾಗುತ್ತದೆ. ಆರೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಎರಡು ಚಮಚ ತೆಳು ಎಣ್ಣೆ ಹಾಕಿ ಎರಡು ದಿನ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಮೆಲ್ಲಗೆ ಮುಂದಕ್ಕೆ, ಹಿಂದಕ್ಕೆ ಅಲುಗಿಸಿ. ಬರದಿದ್ದರೆ ಇನ್ನಷ್ಟು ಎಣ್ಣೆ, ಇನ್ನಷ್ಟು ದಿನ. ಬಲ ಹಾಕಬೇಡಿ.

ತಿರುಗಿತು ಅಂದರೆ ಇಂಜಿನ್ ಆಯಿಲ್, ಫಿಲ್ಟರ್ ಬದಲಿಸಿ. ಪ್ಲಗ್ ಹಾಕುವ ಮೊದಲೇ, ಇಗ್ನಿಷನ್ ಕಡಿತ ಮಾಡಿ ಸೆಲ್ಫಿನಿಂದ ತಿರುಗಿಸಿ ಆಯಿಲ್ ಪ್ರೆಷರ್ ಏರುವುದನ್ನು ನೋಡಿ. ಹಳೇ ಪೆಟ್ರೋಲ್ ವಾರ್ನಿಷ್‌ನಂತೆ ಗಟ್ಟಿಯಾಗಿರುತ್ತದೆ. ಟ್ಯಾಂಕ್ ಇಳಿಸಿ ತೊಳೆಯದೆ ಬರೀ ಕಾರ್ಬುರೇಟರ್ ಕ್ಲೀನ್ ಮಾಡಿದರೆ ಟ್ಯಾಂಕಿನ ತುಕ್ಕಿನ ಪುಡಿ ಬಂದು ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು) ಮತ್ತೆ ಕಟ್ಟುತ್ತದೆ. ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಎರಡೂ ಹೊಸದು ಹಾಕಿ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ.

ಇಂಜಿನ್ ಬಿಸಿಯಾದ ಮೇಲೆ ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಗೇಜ್ ಹಾಕಿ ನೋಡಿ. ಈ ಬಗೆಯ ಹಳೇ ಇಂಜಿನ್ನಿಗೆ 100ರಿಂದ 130 ಪಿಎಸ್‌ಐ ಚೆನ್ನಾಗಿದೆ ಅಂತಲೇ ಲೆಕ್ಕ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಮುಖ್ಯ. ಒಂದರಲ್ಲಿ ಮಾತ್ರ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವು. ವಾಲ್ವ್ ಆದರೆ ಹೆಡ್ ಮಾತ್ರ ಇಳಿಸಿದರೆ ಸಾಕು. ಈ ಅಳತೆ ಮಾಡದೆ ಬೋರ್ ಮಾಡಿಸಲು (ಸಿಲಿಂಡರಿನ ಒಳಮೈ ಕೊರೆದು ಅಗಲ ಮಾಡಿಸಲು) ಒಪ್ಪಬೇಡಿ.

ಹೊಲದಗಾಡಿ:
ತುಂಬಾ ಉಪಯೋಗವಾಯಿತು. ಬ್ರೇಕಿಗೆ ವೀಲ್ ಸಿಲಿಂಡರಿನ (ಚಕ್ರದ ಬಳಿ ಬ್ರೇಕ್ ಒತ್ತುವ ಸಿಲಿಂಡರ್) ರಬ್ಬರ್ ಕಿಟ್ ಹಾಕಿದರೆ ಸಾಕೇ? ಟೈರಿನ ಬಟನ್ (ನೆಲ ಹಿಡಿಯುವ ಅಚ್ಚು) ಇನ್ನೂ ಆಳವಾಗಿದೆ, ಬಿಡಬಹುದೇ?

ಡ್ರಮ್_ಲೈನರ್:
ಎರಡಕ್ಕೂ ಬೇಡ ಅಂತಲೇ ಹೇಳುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಸಿಲಿಂಡರಿನ ಒಳಗೋಡೆ ಗುಳಿ ಬಿದ್ದಿರುತ್ತದೆ. ಹೊಸ ರಬ್ಬರ್ ಆ ಗುಳಿಗಳ ಮೇಲೆ ಉಜ್ಜಿ ಕೆಲವೇ ವಾರದಲ್ಲಿ ಸೋರುತ್ತದೆ. ಸಿಲಿಂಡರ್‌ಗಳನ್ನೇ ಹೊಸದು ಹಾಕಿ, ಸಿಗದಿದ್ದರೆ ಒಳಗೆ ಹೊಸ ಕೊಳವೆ ಕೂರಿಸಿ ಸ್ಲೀವ್ ಮಾಡಿಸಿ. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿರುತ್ತದೆ: ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ, ಡ್ರಮ್ ಕೆಂಪಗೆ ಕಾಯುತ್ತದೆ. ಉಕ್ಕಿನ ಪೈಪು ಬದಲಿಸುವಾಗ ತುದಿ ಡಬಲ್ ಫ್ಲೇರ್ (ಎರಡು ಪದರವಾಗಿ ಮಡಿಸಿ ಅಗಲಿಸಿದ್ದು) ಆಗಿರಲಿ, ಸಿಂಗಲ್ ಫ್ಲೇರ್ ಸೀಳುತ್ತದೆ.

ನಿಮ್ಮದು ಒಂದೇ ಚೇಂಬರಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮುಖ್ಯ ಸಿಲಿಂಡರ್) ಆಗಿದ್ದರೆ ಒಂದು ಕಡೆ ಸೋರಿದರೂ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಎರಡು ಚೇಂಬರಿನದಕ್ಕೆ ಬದಲಾಯಿಸುವುದು ಈ ಗಾಡಿಗೆ ಹಾಕುವ ದುಡ್ಡಿನಲ್ಲೆಲ್ಲ ಅತ್ಯುತ್ತಮವಾದದ್ದು. ಹಳೇ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಪುಡಿ ಉಸಿರಿಗೆ ಅಪಾಯ, ಡ್ರಮ್ ಬಿಚ್ಚಿದಾಗ ಏರ್ ಹೊಡೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಟೈರ್ ಬಟನ್ನಿನಿಂದ ನಿರ್ಧರಿಸಬೇಡಿ. ಪಕ್ಕದ ಗೋಡೆಯ ಮೇಲಿನ ಕೋಡ್ ನೋಡಿ. ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 0812 ಅಂದರೆ 2012ರ ಎಂಟನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಹತ್ತು ವರ್ಷ ದಾಟಿದ್ದನ್ನು ಲೋಡು ಹೊರಿಸಿ ಓಡಿಸಬಾರದು. ಚಕ್ರಕ್ಕೆ ಲಾಕ್ ರಿಂಗ್ (ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಬಿಡಿ ಉಕ್ಕಿನ ಬಳೆ) ಇದ್ದರೆ ನೀವೇ ಬಿಚ್ಚಲು ಹೋಗಬೇಡಿ, ಗಾಳಿ ತುಂಬುವಾಗ ರಿಂಗ್ ಸಿಡಿದು ಪ್ರಾಣ ಹೋಗಿರುವ ಉದಾಹರಣೆಗಳಿವೆ.

ಮೂಲಬಣ್ಣ:
ಪೇಂಟ್ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಮಾಸಿದ ಮೂಲ ಬಣ್ಣವನ್ನು ಹಾಗೇ ಉಳಿಸಿ. ಕೊಳ್ಳುವವರೂ ಈಗ ಅಗ್ಗದ ಹೊಸ ಪೇಂಟಿಗಿಂತ ಅದನ್ನೇ ಇಷ್ಟಪಡುತ್ತಾರೆ, ಏಕೆಂದರೆ ಅಡಿಯಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಬಾಗಿಲಿನ ಮೇಲೆ ತೋಟದ ಹೆಸರು ಕೈಯಲ್ಲಿ ಬರೆದಿದ್ದರೆ ಅದನ್ನು ಉಜ್ಜಬೇಡಿ, ಹಾಗೆ ಹೋದದ್ದು ಮತ್ತೆ ಬರುವುದಿಲ್ಲ.

ನೆಲದ ತೂತು ಮಾತ್ರ ಬಿಡುವಂತಿಲ್ಲ. ಮೇಲೊಂದು ತಗಡು ಕೂರಿಸಿ ವೆಲ್ಡ್ ಮಾಡಿದರೆ ಎರಡರ ನಡುವೆ ನೀರು ನಿಂತು ತುಕ್ಕು ಇನ್ನೂ ಬೇಗ ಹರಡುತ್ತದೆ. ಒಳ್ಳೆಯ ಉಕ್ಕು ಸಿಗುವ ತನಕ ಕತ್ತರಿಸಿ, ಅದೇ ದಪ್ಪದ ತುಂಡನ್ನು ಅಂಚಿಗೆ ಅಂಚು ಕೂರಿಸಿ, ಚುಕ್ಕೆ ಚುಕ್ಕೆಯಾಗಿ ಜಾಗ ಬದಲಿಸುತ್ತಾ ವೆಲ್ಡ್ ಮಾಡಿಸಿ. ಒಂದೇ ಎಳೆತಕ್ಕೆ ಮಾಡಿದರೆ ತಗಡು ಸೊಟ್ಟಗಾಗುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಗಾಡಿಯಿಂದ ದೂರ ಒಯ್ದಿಡಿ. ಕೆಲವು ಹಳೇ ಟ್ರಕ್ಕುಗಳಲ್ಲಿ ಟ್ಯಾಂಕ್ ಇರುವುದು ಸೀಟಿನ ಹಿಂದೆಯೇ. ಕೊನೆಗೆ ಬಾಗಿಲುಗಳ ಅಡಿಯಂಚಿನ ನೀರಿನ ತೂತುಗಳನ್ನು ತಂತಿಯಿಂದ ಬಿಡಿಸಿ, ಒಳಗೆ ತುಕ್ಕು ತಡೆಯುವ ಮೇಣ (ಕ್ಯಾವಿಟಿ ವ್ಯಾಕ್ಸ್) ಹೊಡೆಸಿ. ವ್ಯಾಕ್ಸ್ ಒಣಗಿದ ಮೇಲೆ ಆ ತೂತುಗಳು ಮತ್ತೆ ಕಟ್ಟಿಕೊಂಡಿಲ್ಲ ಎಂದು ಒಮ್ಮೆ ಪರೀಕ್ಷಿಸಿ.