ತೀರಿಹೋದ ಅಜ್ಜಿ ನಾಣ್ಯದಲ್ಲಿ ಬಂದು ಮಾತಾಡ್ತಾರಾ?

ಗೌರಿಬಿದನೂರು ಹುಡುಗ:
ಮಹಾಲಯ ಅಮಾವಾಸ್ಯೆಗೆ ಎಲ್ರೂ ಊರಲ್ಲಿ ಸೇರಿದ್ವಿ. ಅಜ್ಜಿಗೆ ಎಡೆ ಇಟ್ಟ ರಾತ್ರಿ ಅತ್ತೆ ಮಗ ಕೇರಂ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದು, ನಾಣ್ಯದ ಮೇಲೆ ಮೂವರೂ ಬೆರಳಿಡಿ ಅಂದ. ದೇವ್ರಾಣೆ ನಾನು ತಳ್ಳಲಿಲ್ಲ. ನಾಣ್ಯ ಜಾರ್ತಾ ಹೋಗಿ ‘ಓಲೆ’ ಅಂತ ತೋರಿಸ್ತು. ಅಜ್ಜಿ ಕಿವಿ ಓಲೆ ವಿಚಾರಕ್ಕೆ ಮನೇಲಿ ಮೊದಲೇ ಜಗಳ. ದೆವ್ವ ಗಿವ್ವ ನಂಬಲ್ಲ ನಾನು, ಆದ್ರೂ ಅವತ್ತಿಂದ ಹಿತ್ತಲಿಗೆ ಒಬ್ಬನೇ ಹೋಗ್ತಿಲ್ಲ. ಯಾರಿಗಾದ್ರೂ ಹೀಗಾಗಿದ್ಯಾ?

ಚಿಂತಾಮಣಿ ಫಿಸಿಕ್ಸ್ ಮೇಷ್ಟ್ರು:
ಬೇಕಂತ ತಳ್ಳಿಲ್ಲ, ಒಪ್ತೀನಿ. ಗೊತ್ತಿಲ್ಲದೆ ತಳ್ಳಿರ್ತೀರಿ. 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಇಂಥದ್ದೇ ಮೇಜು ತಿರುಗಿಸೋ ಆಟ ಪರೀಕ್ಷಿಸಿ, ಮೇಜಿಗಿಂತ ಮುಂಚೆ ಕೈ ಜರುಗುತ್ತೆ ಅಂತ ತೋರಿಸಿದ್ರು. ಮೂವರೂ ಕಣ್ಣಿಗೆ ಬಟ್ಟೆ ಕಟ್ಕೊಳ್ಳಿ, ಬೇರೆಯವರು ಬೋರ್ಡ್ ತಿರುಗಿಸಿಡಲಿ. ಆಗ ಓಲೆ ಬಂದ್ರೆ ನಾನೇ ಗೌರಿಬಿದನೂರಿಗೆ ಬರ್ತೀನಿ. ಅಂದಹಾಗೆ ಎಚ್. ನರಸಿಂಹಯ್ಯನವರು ನಿಮ್ಮ ತಾಲ್ಲೂಕಿನ ಹೊಸೂರಿನವರೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೇ ಸಮಿತಿ ಮಾಡಿದ್ದವರು.

ಶಿರಾ ಅಕ್ಕ:
ನಿಮ್ಮಜ್ಜಿಗೆ ಓದು ಬರ್ತಿತ್ತಾ, ಅದನ್ನ ಮೊದಲು ಹೇಳಪ್ಪ! ನಾನು ಮೇಷ್ಟ್ರಷ್ಟು ಗಟ್ಟಿ ಅಲ್ಲ. ಹಿರಿಯರು ಬರ್ತಾರೆ ಅಂತಲೇ ನಂಬಿದೀನಿ. ವಡೆ, ಕಜ್ಜಾಯ ಎಡೆಗಿಟ್ಟು ಬಾಗಿಲು ಮುಂದೆ ಮಾಡಿ ಸುಮ್ನೆ ಕೂರ್ತೀವಿ. ಆದ್ರೆ ಸತ್ತವರನ್ನ ಕೂಗಿ ಕರೆದು ಒಡವೆ ಲೆಕ್ಕ ಕೇಳೋದಾ? ಥೂ.

ಗೌರಿಬಿದನೂರು ಹುಡುಗ:
ಅಕ್ಕಾ, ಅಜ್ಜಿ ಹೆಬ್ಬೆಟ್ಟು! ಬಸ್ ಬೋರ್ಡ್ ಓದೋಕೂ ನನ್ನನ್ನೇ ಕೇಳ್ತಿದ್ರು. ಆ ಓಲೆ ಬೇಕು ಅಂತಿರೋದೂ ನಮ್ಮತ್ತೇನೇ.