ಮೂಡಿಗೆರೆ ಕಡೆ ಹೊಸ ಮನೆಗೆ ಪರಿಸರಕ್ಕೆ ಹೊರೆಯಾಗದ ನೆಲ ಯಾವುದು?

ತೋಟದಮನೆ_ಮೂಡಿಗೆರೆ:
ಎಲ್ರಿಗೂ ನಮಸ್ಕಾರ. ಮೂಡಿಗೆರೆ ಹತ್ರ ತೋಟದಲ್ಲೇ ಮನೆ ಕಟ್ಟಿಸ್ತಾ ಇದೀವಿ, ಗೋಡೆ ಎದ್ದಿದೆ, ಹಂಚು ಹೊದಿಸಿದ್ದೂ ಆಯ್ತು, ಈಗ ನೆಲಕ್ಕೆ ಏನು ಹಾಕ್ಸೋದು ಅನ್ನೋದ್ರಲ್ಲಿ ಕೆಲಸ ನಿಂತಿದೆ. ನಮ್ಮ ಮನೆಯವ್ರಿಗೆ ಬಿದಿರಿನ ಫ್ಲೋರಿಂಗ್ ಮೇಲೆ ಮನಸ್ಸು, ಮಾವನವರಿಗೆ ದೊಡ್ಡ ಸೈಜಿನ ವಿಟ್ರಿಫೈಡ್ ಟೈಲ್ಸೇ ಆಗ್ಬೇಕು, ಒರೆಸೋಕೆ ಸುಲಭ ಅಂತಾರೆ. ನನಗೆ ಕೆಂಪು ಗಾರೆ ನೆಲ ಇಷ್ಟ. ಆದ್ರೆ ಇಷ್ಟ ಒಂದೇ ಅಲ್ಲ, ತೋಟದಲ್ಲಿ ಔಷಧಿ ಹೊಡೆಯೋದನ್ನೇ ಕಮ್ಮಿ ಮಾಡಿರೋರು ನಾವು, ಮನೆ ನೆಲಾನೂ ಭೂಮಿಗೆ ಹೊರೆ ಆಗ್ದೇ ಇರೋದು ಬೇಕು. ಅಂಗಡಿಗೆ ಹೋದ್ರೆ ಎಲ್ಲದರ ಮೇಲೂ ಎಕೋ ಫ್ರೆಂಡ್ಲಿ ಅಂತಾನೇ ಬರೆದಿದೆ, ವಿನೈಲ್ ಮೇಲೂ! ಇನ್ನೊಂದು, ಇಲ್ಲಿ ಮಳೆಗಾಲ ಗೊತ್ತಲ್ಲ, ಹಳೇ ಮನೇಲಿ ಜುಲೈ ಬಂತು ಅಂದ್ರೆ ನೆಲ ಬೆವರುತ್ತೆ, ಚಾಪೆ ಎತ್ತಿದ್ರೆ ಅಡಿಗೆ ಬೂಷ್ಟು. ಅನುಭವ ಇರೋರು ದಯವಿಟ್ಟು ಹೇಳಿ.

ಕಾಫಿಕಣ (ಸಕಲೇಶಪುರ):
ಬಿದಿರು ಬೇಗ ಬೆಳೆಯುತ್ತೆ ನಿಜ ಮೇಡಂ, ಆದ್ರೆ ಅಂಗಡೀಲಿ ಸಿಗೋ ಹಲಗೆ ಬರೀ ಬಿದಿರಲ್ಲ, ಸೀಳಿ ಅಂಟು ಹಾಕಿ ಪ್ರೆಸ್ ಮಾಡಿರ್ತಾರೆ, ಎಷ್ಟೋ ಮಾಲು ಚೀನಾದಿಂದ ಹಡಗಲ್ಲಿ ಬರೋದು, ಅಂಟಲ್ಲಿ ಫಾರ್ಮಾಲ್ಡಿಹೈಡ್ ಅನ್ನೋ, ಗಾಳಿಗೆ ಸೇರೋ ಹಾನಿಕಾರಕ ರಾಸಾಯನಿಕ ಎಷ್ಟಿದೆ ಅಂತ ಕೇಳಿದ್ರೆ ಅಂಗಡಿಯವ್ರಿಗೇ ಗೊತ್ತಿರಲ್ಲ. ಲ್ಯಾಮಿನೇಟ್, ಅಂದ್ರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಅದಂತೂ ನಮ್ಮ ಕಡೆಗಲ್ಲ. ನಮ್ಮ ಚಿಕ್ಕಪ್ಪನ ಮನೇಲಿ ಹಾಕ್ಸಿದ್ರು, ಮಳೆಗಾಲದ ಶೀತಕ್ಕೆ ಜಾಯಿಂಟ್ ಎಲ್ಲ ಉಬ್ಬಿ ಕಾಲಿಗೆ ತಾಗ್ತಾ ಇತ್ತು, ಪೂರ್ತಿ ಕಿತ್ತು ಹಾಕಿದ್ರು. ಒಂದ್ಸಲ ಉಬ್ಬಿದ್ರೆ ಅದನ್ನ ರಿಪೇರಿ ಮಾಡೋಕಾಗಲ್ಲ, ಸೀದಾ ಕಸಕ್ಕೇ. ವಿನೈಲ್ ಅಂದ್ರೆ ಪಿವಿಸಿ ಕಣ್ರೀ, ಪ್ಲಾಸ್ಟಿಕ್, ಮಣ್ಣಲ್ಲಿ ಕರಗೋದಲ್ಲ, ಸುಟ್ರೆ ವಿಷದ ಹೊಗೆ.

ಮರಾನೇ ಬೇಕು ಅಂದ್ರೆ ಹಳೇ ಮನೆ ಬಿಚ್ಚಿದಾಗ ಸಿಗೋ ತೊಲೆ, ಹಲಗೆ ನೋಡಿ. ಹೊನ್ನೆ, ಮತ್ತಿ ಸಿಕ್ಕಿದ್ರೆ ಬಿಡ್ಬೇಡಿ. ತೋಟದ ಸಿಲ್ವರ್ ಓಕ್ ಇದೆಯಲ್ಲ ಅಂತ ಯೋಚ್ನೆ ಮಾಡ್ಬೇಡಿ, ನೆಲಕ್ಕೆ ಅದು ಮೆದು, ಗೆದ್ದಲಿಗೂ ಇಷ್ಟ. ಮಹಡಿ ಮೇಲೆ ಒಂದು ರೂಮಿಗೆ ಮರ ಸರಿ, ಕೆಳಗಡೆ ಬೇಡ.

ಸೈಟ್_ಮೇಲ್ವಿಚಾರಣೆ (ಹಾಸನ):
ಮೇಲೆ ಏನು ಹಾಕ್ಬೇಕು ಅನ್ನೋದಕ್ಕಿಂತ ಮುಂಚೆ ಕೆಳಗೆ ಏನಿದೆ ನೋಡಿ. ನೆಲ ಬೆವರೋದಕ್ಕೆ ಎರಡು ಕಾರಣ, ಒಂದು ಮಣ್ಣಿಂದ ಮೇಲೇರೋ ತೇವ, ಇನ್ನೊಂದು ಗಾಳೀಲಿರೋ ತೇವ ತಣ್ಣಗಿರೋ ನೆಲದ ಮೇಲೆ ನೀರಾಗಿ ಕೂರೋದು. ಹಳೇ ಮನೇಲಿ ಒಂದು ಪ್ಲಾಸ್ಟಿಕ್ ಹಾಳೆ ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ರಾತ್ರಿಯೆಲ್ಲ ಬಿಡಿ, ಬೆಳಿಗ್ಗೆ ಹಾಳೆ ಅಡಿಗೆ ಹನಿ ಇದ್ರೆ ಮಣ್ಣಿಂದ ಬರ್ತಿದೆ, ಮೇಲ್ಗಡೆ ಇದ್ರೆ ಗಾಳಿದು. ಮಣ್ಣಿನ ತೇವ ತಡೆಯೋಕೆ ದಪ್ಪ ಜಲ್ಲಿ ತುಂಬಿ ದಮ್ಮಸ್ ಮಾಡಿ, ಅದರ ಮೇಲೆ 250 ಮೈಕ್ರಾನ್ ಪಾಲಿಥಿನ್ ಶೀಟ್, ಆಮೇಲೆ ಬೆಡ್ ಕಾಂಕ್ರೀಟ್, ಅಂದ್ರೆ ನೆಲದ ಅಡಿಯ ಕಾಂಕ್ರೀಟ್ ಪದರ. ಪ್ಲಾಸ್ಟಿಕ್ ಬೇಡ ಅನ್ನಿಸ್ಬಹುದು, ಆದ್ರೆ ಈ ಒಂದು ಹಾಳೆ ಹಾಕೋದು ಬಿಟ್ರೆ ಇಡೀ ನೆಲ ಹಾಳಾಗುತ್ತೆ.

ನೀವು ಹೇಳಿದ ಕೆಂಪು ಗಾರೆ ನೆಲ, ಅಂದ್ರೆ ರೆಡ್ ಆಕ್ಸೈಡ್, ಒಳ್ಳೇ ಆಯ್ಕೆ. ಸಿಮೆಂಟು, ಮರಳು, ಕಬ್ಬಿಣದ ಆಕ್ಸೈಡ್ ಪುಡಿ ಅಷ್ಟೇ, ಟೈಲ್ಸ್ ಥರ ಗೂಡಲ್ಲಿ ಸುಡೋ ಹಾಗಿಲ್ಲ. ವಿಟ್ರಿಫೈಡ್ ಟೈಲ್ಸ್ ಸುಮಾರು 1200 ಡಿಗ್ರಿ ಶಾಖದಲ್ಲಿ ಬೇಯೋದು, ಹೆಚ್ಚಿನ ಮಾಲು ಗುಜರಾತಿನ ಮೊರ್ಬಿಯಿಂದ ಲಾರೀಲಿ ಬರ್ಬೇಕು. ಹಾಗಂತ ಸಿಮೆಂಟು ನಿರಪರಾಧಿ ಅಲ್ಲ, ಜಗತ್ತಿನ ಕಾರ್ಬನ್ ಡೈಆಕ್ಸೈಡಲ್ಲಿ ನೂರಕ್ಕೆ ಸುಮಾರು 8 ಪಾಲು ಸಿಮೆಂಟ್ ತಯಾರಿಕೇದೇ. ಅದಕ್ಕೇ ಬೆಡ್ಡಿಗೆ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್) ಅಥವಾ ಸ್ಲ್ಯಾಗ್ ಸಿಮೆಂಟ್ ಹಾಕ್ಸಿ, ಹಾರುಬೂದಿನೋ ಉಕ್ಕಿನ ಕಾರ್ಖಾನೆ ಕಿಟ್ಟಾನೋ ಸೇರಿರುತ್ತೆ, ಸುಣ್ಣಕಲ್ಲು ಸುಟ್ಟು ಮಾಡೋ ಕ್ಲಿಂಕರ್ ಕಮ್ಮಿ, ಹೆಚ್ಚಿನ ಕಾರ್ಬನ್ ಬರೋದು ಅದರಿಂದ್ಲೇ.

ಮೇಸ್ತ್ರಿಗೆ ಹೇಳ್ಬೇಕಾಗಿರೋದು: ಬಣ್ಣದ ಪುಡಿ ಸಿಮೆಂಟಿನ ತೂಕದಲ್ಲಿ ನೂರಕ್ಕೆ 10 ದಾಟಬಾರದು, ದಾಟಿದ್ರೆ ನೆಲದ ಗಟ್ಟಿತನ ಹೋಗಿ ಕಾಲಿಗೆ ಕೆಂಪು ಅಂಟುತ್ತೆ. ಬೆಡ್ ಗಾರೆ ಹಸಿ ಇರುವಾಗ್ಲೇ ಮೇಲಿನ ಪದರ ಹಾಕಿ ಕರಣೆಯಲ್ಲಿ ಒತ್ತಿ ಒತ್ತಿ ತಿಕ್ಕಬೇಕು. ಬೇಗ ಆರ್ಲಿ ಅಂತ ಒಣ ಸಿಮೆಂಟು ಉದುರಿಸೋಕೆ ಬಿಡ್ಬೇಡಿ, ಕೂದಲೆಳೆ ಬಿರುಕು ಬರೋದೇ ಅಲ್ಲಿಂದ. ಹಜಾರ ದೊಡ್ಡದಿದ್ರೆ ಗಾಜಿನ ಪಟ್ಟಿ ಕೊಟ್ಟು ಚೌಕ ಮಾಡ್ಸಿ. ಆಮೇಲೆ ಕನಿಷ್ಠ ಒಂದು ವಾರ ನೀರು ಕಟ್ಟಿ ನಿಲ್ಲಿಸಿ, ಕಿಟಕಿಗೆ ಗೋಣಿ ಕಟ್ಟಿ, ಬಿಸಿಲು ಬೀಳಬಾರದು.

ಹಳೇಕಲ್ಲು (ಚಿಕ್ಕಮಗಳೂರು):
ಅಡುಗೆಮನೆಗೆ ನನ್ನ ಮಾತು ಕೇಳಿ ಅಕ್ಕಾ. ನಮ್ಮನೇಲಿ ಕಡಪ ಕಲ್ಲು, ಗಟ್ಟಿಮುಟ್ಟು, ಆದ್ರೆ ಅದು ಸುಣ್ಣದ ಜಾತಿ ಕಲ್ಲು, ನಿಂಬೆಹಣ್ಣು ಹುಣಸೆಹುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಬಿಟ್ರೆ ಬಿಳಿ ಕಲೆ ನಿಲ್ಲುತ್ತೆ, ಉಪ್ಪಿನಕಾಯಿ ಹಾಕೋ ಮೂಲೆ ನೋಡಿದ್ರೇ ಗೊತ್ತಾಗುತ್ತೆ. ಶಹಾಬಾದ್ ಕಲ್ಲಿಗೂ ಅದೇ ಕಥೆ. ಹಾಗಾಗಿ ಅಡುಗೆಮನೆಗೆ ಬೂದು ಗ್ರಾನೈಟ್ ಇರ್ಲಿ, ಹೊಳಪು ಕೊಡದೇ ಇರೋದು, ಒದ್ದೆ ಕಾಲಲ್ಲಿ ಅಷ್ಟು ಜಾರಲ್ಲ. ಮಾವನವರಿಗೆ ವಯಸ್ಸಾಗಿದ್ರೆ ಹೊಳೆಯೋ ವಿಟ್ರಿಫೈಡ್ ಮಳೆಗಾಲದಲ್ಲಿ ನಿಜವಾಗ್ಲೂ ಅಪಾಯ, ಇದನ್ನ ಅವ್ರಿಗೆ ಸಮಾಧಾನವಾಗಿ ಹೇಳಿ. ಹಳೇ ಕಟ್ಟಡ ಒಡೆಯೋ ಕಡೆ ಚಪ್ಪಡಿ ಸಿಗುತ್ತೆ, ಮೊದಲು ಅಲ್ಲಿ ವಿಚಾರಿಸಿ, ಒಂದ್ಸಲ ತೆಗೆದ ಕಲ್ಲಿಗೋಸ್ಕರ ಇನ್ನೊಂದು ಗುಡ್ಡ ಅಗೆಯೋದು ಬೇಡ.

ತೋಟದಮನೆ_ಮೂಡಿಗೆರೆ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಅತ್ತಂಗುಡಿಯ ಬಣ್ಣದ ಸಿಮೆಂಟ್ ಟೈಲ್ಸ್ ಬಗ್ಗೆ ಏನಂತೀರಾ? ರೆಡ್ ಆಕ್ಸೈಡ್ ಹಾಕೋ ಮೇಸ್ತ್ರಿ ಈಗ ಸಿಗ್ತಾರಾ?

ಸೈಟ್_ಮೇಲ್ವಿಚಾರಣೆ (ಹಾಸನ):
ಅತ್ತಂಗುಡಿ ಚೆನ್ನಾಗಿದೆ, ಗಾಜಿನ ಮೇಲೆ ಕೈಯಲ್ಲೇ ಮಾಡೋದು, ಸುಡೋದಿಲ್ಲ, ನೀರಲ್ಲಿ ನೆನೆಸಿ ಗಟ್ಟಿ ಮಾಡ್ತಾರೆ. ಆದ್ರೆ ತಮಿಳುನಾಡಿನ ಕಾರೈಕುಡಿ ಕಡೆಯಿಂದ ತರಿಸ್ಬೇಕು, ದೇವರಮನೆಗೋ ಜಗಲಿಗೋ ಸ್ವಲ್ಪ ತರಿಸಿ ಸಾಕು. ಮೇಸ್ತ್ರಿ ಸಿಗ್ತಾರೆ, ಕಮ್ಮಿ. ಬೇಲೂರು, ಆಲೂರು ಕಡೆ ವಯಸ್ಸಾದ ಗಾರೆ ಕೆಲಸದವ್ರನ್ನ ಕೇಳಿ. ಒಪ್ಪಿಕೊಂಡ್ರು ಅಂತ ಅಡ್ವಾನ್ಸ್ ಕೊಡ್ಬೇಡಿ, ಅವ್ರು ಹಾಕಿ ಐದಾರು ಮಳೆಗಾಲ ಕಂಡಿರೋ ನೆಲ ತೋರಿಸಿ ಅನ್ನಿ, ಬರಿಗಾಲಲ್ಲಿ ಓಡಾಡಿ ನೋಡಿ, ಮೂಲೇಲಿ ಬಿರುಕು ಇದೆಯಾ ಅಂತ ನೋಡಿ, ಆಮೇಲೆ ರೇಟು ಮಾತಾಡಿ.