ಅಡಿಕೆ ದುಡ್ಡು ಎಲ್ಲಿಂದ ಬಂತೆಂದು ಕೇಳಲು ಬ್ಯಾಂಕು ಯಾರು?

ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನ ಮಾತುಕತೆ ಇದು.

ಸಾಗರದ ದೊಡ್ಡಪ್ಪ (ಫಾರ್ವರ್ಡ್): "ನಿಮ್ಮ ಹಣ, ನಿಮ್ಮ ಖಾತೆ. ಎಲ್ಲಿಂದ ಬಂತೆಂದು ಕೇಳುವ ಅಧಿಕಾರ ಯಾವ ಬ್ಯಾಂಕಿಗೂ ಇಲ್ಲ. ಕೆವೈಸಿ ಎಂಬ ಗ್ರಾಹಕರ ಗುರುತು-ವಿಳಾಸ ಪರಿಶೀಲನೆ ಬರೀ ಹೆದರಿಸುವ ತಂತ್ರ. ಹತ್ತು ಗುಂಪುಗಳಿಗೆ ಕಳುಹಿಸಿ."

ಸಾಗರದ ದೊಡ್ಡಪ್ಪ: ನೂರಕ್ಕೆ ನೂರು ಸತ್ಯ. ಮೊನ್ನೆ ಅಡಿಕೆ ದುಡ್ಡು ಕಟ್ಟಲು ಹೋದರೆ ಕೌಂಟರಿನ ಹುಡುಗಿ "ಇಷ್ಟು ನಗದು ಎಲ್ಲಿಯದು?" ಎಂದಳು. ಅವಳು ಹುಟ್ಟುವ ಮೊದಲಿನ ಖಾತೆ ನನ್ನದು!

ಮೈಸೂರು ಚಿಕ್ಕಪ್ಪ: ಅಣ್ಣಯ್ಯ, ನಿವೃತ್ತನಾಗುವವರೆಗೂ ಆ ಹುಡುಗಿಯ ಕುರ್ಚಿಯಲ್ಲಿ ಕುಳಿತು ಬೈಸಿಕೊಂಡವನು ನಾನು. ಕೇಳದಿದ್ದರೆ ತಪ್ಪು ಬ್ಯಾಂಕಿನದು. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2005ರ ಜುಲೈ 1ರಿಂದ ಜಾರಿಯಲ್ಲಿದೆ. ತಿಂಗಳಲ್ಲಿ 10 ಲಕ್ಷ ದಾಟಿದ ನಗದು ವ್ಯವಹಾರವನ್ನು, ಅನುಮಾನವಿಲ್ಲದಿದ್ದರೂ, ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. 2024ರಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ 5.49 ಕೋಟಿ ರೂಪಾಯಿ ದಂಡ ಬಿದ್ದದ್ದು ಇದೇ ಕಾಯ್ದೆಯಡಿ.

ಬೆಂಗಳೂರು ಭಾವ: ಸಾವಿರಾರು ಕೋಟಿ ನುಂಗಿದವರು ವಿಮಾನ ಹತ್ತಿ ಹೋದರು. ಪ್ರಶ್ನೆ ಮಾತ್ರ ಅಡಿಕೆ ಬೆಳೆಗಾರನಿಗೆ. ಅಲ್ಲವೇ ಮಾವ?

ಮೈಸೂರು ಚಿಕ್ಕಪ್ಪ: ಆ ಸಿಟ್ಟು ನನಗೂ ಇದೆ. ಆದರೆ ಆನ್‌ಲೈನ್ ವಂಚಕರು ಬಾಡಿಗೆಗೆ ಹಿಡಿಯುವುದು ಬಡಪಾಯಿಗಳ ಖಾತೆಯನ್ನೇ. ವರ್ಷವಿಡೀ ಪಿಂಚಣಿ ಮಾತ್ರ ಬೀಳುವ ಖಾತೆಗೆ ಬೆಳಿಗ್ಗೆ ನಾಲ್ಕು ಲಕ್ಷ ಬಂದು, ಮಧ್ಯಾಹ್ನದೊಳಗೆ ಆರು ಕಡೆ ಹಂಚಿಹೋದರೆ ಕೇಳಬೇಡವೇ? ಇನ್ನೊಂದು ಮಾತು. ಅನುಮಾನದ ವರದಿ ಕಳುಹಿಸಿದರೆ ಅದನ್ನು ಗ್ರಾಹಕನಿಗೆ ಹೇಳುವಂತೆಯೇ ಇಲ್ಲ. ಮುಖ ನೋಡಿ ಕೇಳಿದರೆ ಉತ್ತರ ಕೊಟ್ಟುಬಿಡು, ಬಹುತೇಕ ಅಲ್ಲಿಗೇ ಮುಗಿಯುತ್ತದೆ.

ಸಿರಸಿ ಅತ್ತೆ: ನಮ್ಮ ಪಕ್ಕದ ಮನೆಯ ಟೀಚರ್ ಉಳಿದದ್ದು ಹಾಗೆ ಕೇಳಿದ್ದರಿಂದಲೇ. ಪೊಲೀಸರ ಸೋಗಿನಲ್ಲಿ ಯಾರೋ ಕರೆ ಮಾಡಿ, ಫೋನಿನಲ್ಲೇ ಬಂಧಿಸಿದ್ದೇವೆ, "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿದ್ದರು. ಠೇವಣಿ ಮುರಿಸಲು ಹೋಗಿದ್ದಾರೆ, ವ್ಯಾನಿಟಿ ಬ್ಯಾಗಿನೊಳಗೆ ಕರೆ ನಡೆಯುತ್ತಲೇ ಇದೆ. ಮ್ಯಾನೇಜರ್ "ಯಾರಿಗಮ್ಮ ಈ ಹಣ?" ಎಂದು ಮೂರು ಸಲ ಕೇಳಿದರಂತೆ. ಮೂರನೆಯ ಸಲಕ್ಕೆ ಇವರು ಅತ್ತೇಬಿಟ್ಟರು. ಬ್ಯಾಗಿನಲ್ಲಿದ್ದ ಫೋನ್ ಆಗಲೇ ಹೊರಬಂದದ್ದು.

ನಾನು: ಕೇಳಲಿ ಚಿಕ್ಕಪ್ಪ. ಆದರೆ ವಿಳಾಸ, ಹೆಸರು ಯಾವುದೂ ಬದಲಾಗದಿದ್ದರೂ ಮಂಡಿನೋವಿನ ಅಮ್ಮನನ್ನು ಜೆರಾಕ್ಸ್ ಹಿಡಿದು ಬರಲು ಹೇಳಿದ್ದೇಕೆ? ಅಪಾಯ ಕಡಿಮೆಯೆಂದು ಬ್ಯಾಂಕು ಗುರುತಿಸಿದ ಸಾಮಾನ್ಯ ಖಾತೆಗೆ ಕೆವೈಸಿ ನವೀಕರಣ 10 ವರ್ಷಕ್ಕೊಮ್ಮೆ. ಬದಲಾವಣೆ ಇಲ್ಲದಿದ್ದರೆ ನೋಂದಾಯಿತ ಮೊಬೈಲ್ ಅಥವಾ ಇಮೇಲ್ ಮೂಲಕ ಸ್ವಯಂ ಘೋಷಣೆ ಸಾಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಮೈಸೂರು ಚಿಕ್ಕಪ್ಪ: ಅದು ಶಾಖೆಯವರ ಸೋಮಾರಿತನ. ಸಮರ್ಥಿಸುವುದಿಲ್ಲ. ಲಿಖಿತ ದೂರು ಕೊಡು.

ಬೆಂಗಳೂರು ಭಾವ: "ಕೆವೈಸಿ ಅವಧಿ ಮುಗಿದಿದೆ, ಲಿಂಕ್ ಒತ್ತಿ" ಎಂಬ ಸಂದೇಶ ಬಂದರೆ ಮಾತ್ರ ಯಾರೂ ಒತ್ತಬೇಡಿ.

ಸಾಗರದ ದೊಡ್ಡಪ್ಪ: ಸರಿಯಪ್ಪ, ನಾನೇನು ಉತ್ತರ ಕೊಡಲಿ?

ಮೈಸೂರು ಚಿಕ್ಕಪ್ಪ: ಸೊಸೈಟಿಯ ಮಾರಾಟ ಪಟ್ಟಿ ತೋರಿಸು.

ಸಾಗರದ ದೊಡ್ಡಪ್ಪ: ಸೊಸೈಟಿಗೆ ಹಾಕಿಲ್ಲ. ಮನೆಗೆ ಬಂದ ವ್ಯಾಪಾರಿಗೆ ಕೊಟ್ಟದ್ದು.

ಮೈಸೂರು ಚಿಕ್ಕಪ್ಪ: ಹಾಗಾದರೆ ಅವನಿಂದ ಒಂದು ರಸೀದಿ ಬರೆಸಿಕೋ. ಜೊತೆಗೆ ತೋಟದ ಪಹಣಿ ಇಡು, ಬೆಳೆ ಕಾಲಂನಲ್ಲಿ ಅಡಿಕೆ ಇದ್ದೇ ಇರುತ್ತದೆ.

ಸಾಗರದ ದೊಡ್ಡಪ್ಪ: ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆಯಲ್ಲ.

ಸಿರಸಿ ಅತ್ತೆ: ಆ ವಿಷಯ ಈ ಗುಂಪಿನಲ್ಲಿ ಬೇಡ, ಅಣ್ಣಯ್ಯ.